ಬೋರ್ಡು ಕೆಂಪಾಗಿತ್ತು

ಹೋದ ವಾರ ಬೆಳೆಗಾರರ ಗುಂಪಿನ ಲೆಕ್ಕ ಬರೆಯುವ ರೈಟರು ಒಂದು ಗೋಣಿಚೀಲ ತಂದು ನನ್ನ ಅಂಗಡಿಯ ಮೇಜಿನ ಮೇಲೆ ಸುರಿದರು. ಹಳೆಯ ಕೈಸೆಟ್ಟುಗಳು, ವಾಕಿಟಾಕಿಯಂಥವು. "ಯಾವುದರಲ್ಲಾದ್ರೂ ಜೀವ ಇದೆಯಾ ನೋಡಿ, ಇಲ್ಲಾಂದ್ರೆ ಗುಜರಿಗೆ ಹಾಕ್ತೀವಿ" ಅಂದರು. ಏಳೆಂಟು ಇದ್ದವು. ಒಂದೊಂದೇ ಎತ್ತಿ ನೋಡುವಾಗ ಒಂದರ ಗುಂಡಿಯ ಸುತ್ತ ಬಿಳಿ ಕಲೆ ಕಂಡಿತು. ಉಗುರಿನಿಂದ ಕೆರೆದೆ. ಸುಣ್ಣ. ಮೂಗಿನ ಹತ್ತಿರ ಹಿಡಿದರೆ ಹೊಗೆಸೊಪ್ಪಿನ ವಾಸನೆ ಇನ್ನೂ ಇತ್ತು, ನಾಲ್ಕು ವರ್ಷ ಆದಮೇಲೂ… ರೈಟರಿಗೆ "ಎಲ್ಲ ಸತ್ತಿವೆ, ತಗೊಂಡು ಹೋಗಿ" ಅಂದುಬಿಟ್ಟೆ. ಎರಡು ಚೆನ್ನಾಗಿಯೇ ಇದ್ದವು. ಅವತ್ತು ಕೂತು ರಿಪೇರಿ ಮಾಡುವ ಮನಸ್ಸು ನನಗಿರಲಿಲ್ಲ.

ಆಲ್ದೂರಿನ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಅಂಗಡಿ. ಮೊಬೈಲ್ ರಿಪೇರಿ, ಜೆರಾಕ್ಸ್, ಆನ್‌ಲೈನ್ ಅರ್ಜಿ, ಹೀಗೆ. ಪಕ್ಕದಲ್ಲೇ ಅಪ್ಪನ ದಿನಸಿ ಅಂಗಡಿ. ಚಿಕ್ಕಮಗಳೂರಿನಲ್ಲಿ ನಾಲ್ಕು ವರ್ಷ ಕಂಪ್ಯೂಟರ್ ಇಂಜಿನಿಯರಿಂಗ್ ಓದಿ ಬಂದವಳು ಇಲ್ಲಿ ಕೂತು ಜೆರಾಕ್ಸ್ ತೆಗೀತಾಳೆ ಅಂತ ಊರಿನವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಜೆರಾಕ್ಸ್ ಬೇಕಾಗಿರುವುದೂ ಅವರಿಗೇ. ಓದಿದ್ದನ್ನು ನಾನು ನಿಜವಾಗಿ ಉಪಯೋಗಿಸಿದ್ದು ಒಂದೇ ಸಲ, ಆ ಆನೆ ಬೋರ್ಡುಗಳಿಗೆ.

ನಮ್ಮ ಕಡೆ ತೋಟಗಳಲ್ಲಿ ಈಗ ಆನೆ ಬರುವುದು ಸುದ್ದಿಯೇ ಅಲ್ಲ, ಎಲ್ಲಿದೆ ಅನ್ನುವುದು ಸುದ್ದಿ. ಕಾಫಿ ಹಣ್ಣು ಕುಯ್ಯುವ ಕಾಲದಲ್ಲಿ ಹೆಂಗಸರು ಬೆಳಿಗ್ಗೆ ಮಂಜಿನಲ್ಲೇ ಕೂಲಿಯವರ ಲೈನ್ ಮನೆಗಳಿಂದ ಹೊರಡುತ್ತಾರೆ. ಹತ್ತು ಮಾರು ದೂರದಲ್ಲಿ ಆನೆ ನಿಂತಿದ್ದರೂ ಕಾಣುವುದಿಲ್ಲ. ಹಾಗಾಗಿ ಅಕ್ಕಪಕ್ಕದ ಐದು ತೋಟದವರು ಸೇರಿ ಒಂದು ಗುಂಪು ಮಾಡಿಕೊಂಡು, ಆನೆ ಕಾಯಲಿಕ್ಕೇ ಅಂತ ಒಬ್ಬರನ್ನು ಇಟ್ಟರು. ಅವರನ್ನು ಎಲ್ಲರೂ ವಾಚರಣ್ಣ ಅನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಐವತ್ತು ದಾಟಿದ, ಕಡ್ಡಿಯಂಥ ಕಾಲಿನ ಮನುಷ್ಯ. ಬೇಸಿಗೆಯಲ್ಲೂ ಅದೇ ಕಂದು ಸ್ವೆಟರು. ಬಾಯಲ್ಲಿ ಯಾವಾಗಲೂ ಎಲೆಅಡಿಕೆ ಹೊಗೆಸೊಪ್ಪು, ಎಡಗೈ ಹೆಬ್ಬೆರಳಲ್ಲಿ ಸುಣ್ಣ. ಲದ್ದಿ ನೋಡಿ ಆನೆ ಹೋಗಿ ಎಷ್ಟು ಹೊತ್ತಾಯಿತು ಅಂತ ಹೇಳುತ್ತಿದ್ದರು, ಅದು ತಪ್ಪಿದ್ದನ್ನು ನಾನು ಕಂಡಿಲ್ಲ.

ಅವರು ಕಂಡ ಸುದ್ದಿ ಐದು ಲೈನಿನ ಬಾಗಿಲಿಗೂ ಕೂಡಲೇ ಮುಟ್ಟಬೇಕು, ಅದಕ್ಕೊಂದು ವ್ಯವಸ್ಥೆ ಮಾಡಿಕೊಡು ಅಂತ ಗುಂಪಿನವರು ನನ್ನನ್ನು ಕೇಳಿದರು. ಗುಡ್ಡದ ಮರೆಯಲ್ಲಿ ಫೋನಿಗೆ ಟವರ್ ಸಿಗುವುದಿಲ್ಲ, ಕರೆಂಟು ಇದ್ದರೆ ಇದೆ. ಒಂದೇ ದೊಡ್ಡ ಕಂಪ್ಯೂಟರ್ ಇಟ್ಟರೆ ಅದು ಕೆಟ್ಟ ದಿನ ಐದೂ ಕಡೆ ಕತ್ತಲೆ. ಹಾಗಾಗಿ ಐದು ಲೈನಿನಲ್ಲೂ ಒಂದೊಂದು ರೇಡಿಯೋ ಪೆಟ್ಟಿಗೆ ಇಟ್ಟೆ, ಮೇಲೆ ಸೋಲಾರ್, ಮುಂದೆ ದೀಪದ ಬೋರ್ಡು. ಪ್ರತಿ ಪೆಟ್ಟಿಗೆಯಲ್ಲೂ ಪೂರ್ತಿ ಸುದ್ದಿಯ ಒಂದು ಪ್ರತಿ. ಒಂದಕ್ಕೆ ತಿಳಿದದ್ದನ್ನು ಅದು ಉಳಿದವಕ್ಕೆ ಹೇಳಬೇಕು. ಒಂದು ಸತ್ತರೆ ನಾಲ್ಕು ನಡೆಸಿಕೊಂಡು ಹೋಗಬೇಕು. ವಾಚರಣ್ಣನ ಕೈಯಲ್ಲಿ ಒಂದು ಸೆಟ್ಟು. ಆನೆ ಕಂಡರೆ ಆ ಜಾಗದ ನಂಬರ್ ಹಾಕಿ ಗುಂಡಿ ಒತ್ತುವುದು. ಆ ಜಾಗದ ಲೈನಿನ ಪೆಟ್ಟಿಗೆಗೆ ಮುಟ್ಟಿದರೆ ಬೋರ್ಡು ಕೆಂಪಾಗಿ, ಆ ಪೆಟ್ಟಿಗೆಯಿಂದಲೇ ಅವರ ಸೆಟ್ಟಿಗೆ 'ಟಿಂ ಟಿಂ' ಅಂತ ಉತ್ತರ ಬರುತ್ತಿತ್ತು. ಆನೆ ಇಲ್ಲದಿದ್ದರೆ ಹಸಿರು. ಐದೂ ಪೆಟ್ಟಿಗೆಯ ಸ್ಥಿತಿ ನನ್ನ ಅಂಗಡಿಯ ಕಂಪ್ಯೂಟರಿಗೂ ಬರುತ್ತಿತ್ತು.

ಮೊದಲ ತಿಂಗಳೇ ಮರ್ಯಾದೆ ಹೋಯಿತು. ಮೂರನೇ ತೋಟದಲ್ಲಿ ಆನೆ ನಿಂತಿದೆ, ಬೋರ್ಡು ಹಸಿರು ತೋರಿಸುತ್ತಿದೆ. ನೋಡಿದರೆ, ಆನೆ ಹೋಯಿತು ಅನ್ನುವ ನಿನ್ನೆಯ ಸುದ್ದಿ ಎಲ್ಲೋ ಒಂದು ಪೆಟ್ಟಿಗೆಯಲ್ಲಿ ಸಿಕ್ಕಿಕೊಂಡಿದ್ದು, ಆನೆ ಬಂತು ಅನ್ನುವ ಇವತ್ತಿನ ಸುದ್ದಿ ಬಂದ ಮೇಲೆ ಬಂದು ಮುಟ್ಟಿದೆ. ವಾಚರಣ್ಣ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು ನಕ್ಕರು.

"ನಿಮ್ಮ ಪೆಟ್ಟಿಗೆ ನಿನ್ನೆ ಪೇಪರ್ ಓದ್ತಾ ಕೂತದೆ ಕಂಪ್ಯೂಟರಮ್ಮ."

ನನಗೆ ರೇಗಿತು. ನೀವೇ ಒಂದು ದಾರಿ ಹೇಳಿ ನೋಡೋಣ ಅಂದೆ. ಅವರು ಎಲೆಗೆ ಸುಣ್ಣ ಸವರುತ್ತಾ, "ನಾ ಹೇಳಿದ್ದಕ್ಕೆಲ್ಲ ಒಂದು ನಂಬರ್ ಹಾಕ್ಕೊಳ್ಳಿ. ದೊಡ್ಡ ನಂಬರ್ ಬಂದಾದ ಮೇಲೆ ಸಣ್ಣ ನಂಬರ್ ಬಂದ್ರೆ ಅದರ ಮಾತು ಕೇಳಬೇಡಿ, ಅಷ್ಟೇ ಅಲ್ವ" ಅಂದರು. ಅಷ್ಟೇ. ನಾನು ಕಾಲೇಜಿನಲ್ಲಿ ಎರಡು ವಾರ ಬಾಯಿಪಾಠ ಮಾಡಿದ ಪಾಠ ಅದು. ಆರನೇ ಕ್ಲಾಸಿಗೆ ಶಾಲೆ ಬಿಟ್ಟ ಮನುಷ್ಯ ಎಲೆ ಮಡಚುತ್ತಾ ಹೇಳಿ ಮುಗಿಸಿದರು.

ಆಮೇಲೆ ಹಳದಿಯ ಜಗಳ ಬಂತು. ಒಂದು ಪೆಟ್ಟಿಗೆಗೆ ಉಳಿದವುಗಳ ಸಂಪರ್ಕ ತಪ್ಪಿದಾಗ ಅದು ಏನು ತೋರಿಸಬೇಕು? ಕೊನೆಗೆ ತಿಳಿದದ್ದನ್ನೇ ತೋರಿಸಲಿ ಅಂತ ತೋಟದವರು. ಅವರಿಗೆ ಕೆಲಸ ನಿಲ್ಲಬಾರದು. ವಾಚರಣ್ಣ ಮೀಟಿಂಗಿನಲ್ಲಿ ಎದ್ದು ನಿಂತು, ಟೋಪಿ ಕೈಯಲ್ಲಿ ಹಿಡಿದು, "ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಂತ ಹೇಳಬೇಕು ಧಣಿ. ಹಳೇ ಹಸಿರು ನಂಬ್ಕೊಂಡು ಹೋದವರ ಮನೆಗೆ ಹೋಗಿ ನಾವು ಎಂಥ ಹೇಳೋದು?" ಅಂದರು. ಧಣಿಗಳ ಮುಂದೆ ಅವರು ಅಷ್ಟು ಮಾತಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕೊನೆಗೆ ಮೂರನೇ ದೀಪ ಹಾಕಿದೆ. ಹಳದಿ ಅಂದರೆ ಗೊತ್ತಿಲ್ಲ. ಆದರೆ ಹಳದಿ ಬಂದರೆ ಹೆಂಗಸರು ಐದು ನಿಮಿಷ ನಿಂತು, ದಿನಾ ಇದೇ ಗೋಳು ಅಂತ ಬೈದುಕೊಂಡು ಹೊರಟುಬಿಡುತ್ತಿದ್ದರು. ಅವರ ತಪ್ಪೂ ಅಲ್ಲ. ಹೊತ್ತಿಗೆ ಸರಿಯಾಗಿ ಹೋಗದಿದ್ದರೆ ಮೇಸ್ತ್ರಿ ಬಾಯಿ ಸುಮ್ಮನಿರುವುದಿಲ್ಲ.

ಇದು ವಾಚರಣ್ಣನಿಗೂ ಗೊತ್ತಿತ್ತು. ಅದಕ್ಕೇ ಸೆಟ್ಟಿನಿಂದ 'ಟಿಂ ಟಿಂ' ಬರದಿದ್ದರೆ ಏನು ಮಾಡಬೇಕು ಅಂತ ಅವರು ನನ್ನ ಜೊತೆ ದಿನಗಟ್ಟಲೆ ಮಾತಾಡಿದ್ದರು. ಸೆಟ್ಟುಗಳೆಲ್ಲ ಬರುವ ಮೊದಲು ಅವರ ಕೆಲಸ ನಡೆಯುತ್ತಿದ್ದದ್ದು ಕೂ ಹಾಕಿಕೊಂಡು. ಈ ಗುಡ್ಡದಿಂದ 'ಕೂ' ಅಂದರೆ ಆ ಗುಡ್ಡದವನು ತಿರುಗಿ 'ಕೂ' ಅನ್ನಬೇಕು. ಉತ್ತರ ಬಂದಮೇಲೆ, ಕೇಳಿಸಿತು ಅಂತ ಇವರು ಇನ್ನೊಂದು ಚಿಕ್ಕ ಕೂ ಹಾಕುತ್ತಿದ್ದರು.

"ಆ ಚಿಕ್ಕ ಕೂ ಅವನಿಗೆ ಕೇಳಿಸಿತು ಅಂತ ನಿಮಗೆ ಹೆಂಗೆ ಗೊತ್ತಾಗ್ತದೆ?" ಅಂತ ನಾನು ಕೆಣಕಿದೆ.

"ಅದಕ್ಕೆ ಅವನು ಇನ್ನೊಂದು ಹಾಕಬೇಕು, ಅದಕ್ಕೆ ನಾನು ಮತ್ತೊಂದು. ಆನೆ ಪಾಪ ಕೂತ್ಕೊಂಡು ಕೇಳಬೇಕು ನಮ್ಮ ಕಛೇರಿ," ಅಂತ ನಕ್ಕರು. ಎಲೆ ಮಡಚಿ ಬಾಯಿಗಿಟ್ಟುಕೊಂಡು ಹೇಳಿದರು, "ಅದಕ್ಕೆ ನಮ್ಮಪ್ಪ ಒಂದು ಕಟ್ಟು ಹಾಕಿದ್ರು. ಮೂರು ಕೂ. ಮೂರಕ್ಕೂ ಉತ್ತರ ಇಲ್ಲ ಅಂದ್ರೆ ಬಾಯಿಗೆ ಕೆಲಸ ಇಲ್ಲ, ಕಾಲಿಗೆ ಕೆಲಸ. ಎದ್ದು ಹೋಗಿ ಹೇಳಿ ಬರಬೇಕು."

ಆ ಕಟ್ಟನ್ನು ನಾನೇ ಟೈಪ್ ಮಾಡಿ, ಪ್ರಿಂಟ್ ತೆಗೆದು, ಲ್ಯಾಮಿನೇಟ್ ಮಾಡಿ ಅವರ ಕೈಗೆ ಕೊಟ್ಟೆ. 'ಮೂರು ಸಲ ಒತ್ತಿ. ಉತ್ತರ ಬಾರದಿದ್ದರೆ ಖುದ್ದಾಗಿ ಹೋಗಿ ತಿಳಿಸಿ.' ಅದಕ್ಕೆ ತೋಟದವರೂ ಒಪ್ಪಿದರು. ಚೀಟಿ ನೋಡಿ ವಾಚರಣ್ಣನಿಗೆ ಖುಷಿಯೋ ಖುಷಿ. ಅಪ್ಪನ ಮಾತು ಅಚ್ಚಾಯ್ತು ಅಂತ ಅದನ್ನು ಸ್ವೆಟರಿನ ಒಳಜೇಬಿನಲ್ಲಿ ಇಟ್ಟುಕೊಂಡು ಓಡಾಡಿದರು.

ಹೇಳಬೇಕಾದ ಒಂದು ಮಾತಿದೆ. ಇದೇ ಕಗ್ಗಂಟು ನನಗೆ ಕಾಲೇಜಿನಲ್ಲಿ ಪಾಠವಾಗಿ ಬಂದಿತ್ತು. ಎರಡು ಗುಡ್ಡದ ಮೇಲೆ ಎರಡು ಸೈನ್ಯ, ನಡುವೆ ಶತ್ರು, ಸುದ್ದಿ ಒಯ್ಯುವವನು ದಾರಿಯಲ್ಲಿ ಸಿಕ್ಕಿಬೀಳಬಹುದು. ಇಬ್ಬರೂ ಖಂಡಿತವಾಗಿ ಒಮ್ಮತಕ್ಕೆ ಬರುವುದು ಹೇಗೆ? ಉತ್ತರ: ಬರುವುದು ಸಾಧ್ಯವೇ ಇಲ್ಲ. ಎಷ್ಟು ಸಲ ಸುದ್ದಿ ಹೋಗಿಬಂದರೂ ಕೊನೆಯದ್ದು ಮುಟ್ಟಿತೋ ಇಲ್ಲವೋ ಅನ್ನುವ ಅನುಮಾನ ಉಳಿದೇ ಉಳಿಯುತ್ತದೆ, ಅದನ್ನು ಲೆಕ್ಕ ಹಾಕಿ ಸಾಧಿಸಿ ತೋರಿಸಿದ್ದಾರೆ. ಪರೀಕ್ಷೆಯಲ್ಲಿ ಐದು ಮಾರ್ಕಿಗೆ ಬಂದಿತ್ತು. ನಾನು ಐದಕ್ಕೆ ಐದು ತೆಗೆದಿದ್ದೆ. ಎರಡು ಸೈನ್ಯದ ಚಿತ್ರ ಕೂಡ ಬರೆದಿದ್ದೆ, ಬಣ್ಣ ಹಾಕಿ…

ಡಿಸೆಂಬರಿನ ಆ ವಾರ ಬಿಸಿಲೇ ಇರಲಿಲ್ಲ. ಕೆಳಗಿನ ಲೈನಿನ ಪೆಟ್ಟಿಗೆಯ ಬ್ಯಾಟರಿ ಸೊರಗಿದೆ ಅಂತ ಎರಡು ದಿನದಿಂದ ನನ್ನ ಅಂಗಡಿಯ ಕಂಪ್ಯೂಟರಿನಲ್ಲಿ ತೋರಿಸುತ್ತಿತ್ತು. ಮೇಲೆ ಸಿಲ್ವರ್ ಓಕ್ ಎಲೆ ಬಿದ್ದು ಸೋಲಾರ್ ಮುಚ್ಚಿರುತ್ತದೆ, ಹೋಗಿ ಒರೆಸಿ ಬರಬೇಕು ಅಂದುಕೊಂಡೆ. ಗುರುವಾರ ಹೋಗೋಣ ಅಂದೆ. ಗುರುವಾರ ಚಿಕ್ಕಮ್ಮನ ಮೊಮ್ಮಗುವಿನ ನಾಮಕರಣ. ಶುಕ್ರವಾರ ಮಧ್ಯಾಹ್ನ ಹೋದರಾಯಿತು ಅಂದುಕೊಂಡೆ. ಸಂಪರ್ಕ ತಪ್ಪಿದರೆ ಹಳದಿ ಬರುತ್ತದೆ, ಉಳಿದ ನಾಲ್ಕು ಇವೆ, ಅದಕ್ಕೇ ಅಲ್ಲವೇ ಐದು ಇಟ್ಟಿದ್ದು ಅನ್ನುವ ಧೈರ್ಯ ನನ್ನದು.

ಶುಕ್ರವಾರ ಬೆಳಿಗ್ಗೆ ಏಳು ದಾಟಿತ್ತು. ವಾಚರಣ್ಣ ಮೇಲಿನ ದಿಣ್ಣೆಯಲ್ಲಿದ್ದರು. ಒಂಟಿ ಆನೆಯೊಂದು ಕೆಳಗಿನ ಲೈನಿನ ಒಳದಾರಿಯ ಕಡೆಗೆ ಇಳಿಯುವುದನ್ನು ಕಂಡರು. ಆ ಒಳದಾರಿಯಲ್ಲೇ ಹದಿನಾಲ್ಕು ಹೆಂಗಸರು ಏಳೂವರೆಗೆ ಹೊರಡಬೇಕು. ಗುಂಡಿ ಒತ್ತಿದರು. ಉತ್ತರ ಇಲ್ಲ. ಮತ್ತೆ ಒತ್ತಿದರು. ಮೂರನೇ ಸಲವೂ ಒತ್ತಿದರು. ನಡುವೆ ದಿಣ್ಣೆ ಇದ್ದದ್ದರಿಂದ ಕೂ ಹಾಕಿದರೆ ಅಲ್ಲಿಗೆ ಕೇಳುವುದಿಲ್ಲ. ಬೋರ್ಡು ಹಳದಿಯಲ್ಲಿದ್ದರೆ ಹೆಂಗಸರು ಹೊರಟೇ ಹೊರಡುತ್ತಾರೆ. ಹಾಗಾಗಿ ಅವರು ಆನೆಯನ್ನು ದಾಟಿ ಮುಂದೆ ಹೋಗಿ ಹೆಂಗಸರನ್ನು ತಡೆಯುವ ಅಂದಾಜಿನಲ್ಲಿ ಕಾಫಿ ಗಿಡದ ಸಾಲು ಹಿಡಿದು ಕೆಳಗಿಳಿದರು. ಮಂಜು ದಟ್ಟವಾಗಿತ್ತು. ಒಳದಾರಿಯ ತಿರುವಿನಲ್ಲಿ ಆನೆ ನಿಂತಿತ್ತು.

ನಾನು ಆಗ ಅಂಗಡಿ ಬಾಗಿಲು ತೆಗೆದು ಕಸ ಗುಡಿಸುತ್ತಿದ್ದೆ. ಪರದೆಯ ಮೇಲೆ ಕೆಳಗಿನ ಲೈನಿನ ಎದುರು ಹಳದಿ ಇತ್ತು. ಹಿಂದಿನ ಸಂಜೆಯಿಂದಲೂ ಹಾಗೇ ಇತ್ತು. ಬ್ಯಾಟರಿ ಪೂರ್ತಿ ಮುಗೀತು ಅಂತ ಕಾಣುತ್ತದೆ ಅಂದುಕೊಂಡು ಚಹಾ ತರಿಸಿದೆ. ಹತ್ತು ಗಂಟೆಗೆ ಅಪ್ಪ ಓಡಿಬಂದು ವಾಚರಣ್ಣ ಹೋದ ಸುದ್ದಿ ಹೇಳಿದರು. ನನಗೆ ಮೊದಲು ಬಂದ ಯೋಚನೆ, ಆ ಹದಿನಾಲ್ಕು ಜನ ಏನಾದರು ಅಂತ. ಅವರಿಗೆ ಏನೂ ಆಗಿಲ್ಲ, ಲೈನಿನಲ್ಲೇ ಇದ್ದಾರೆ ಅಂದರು ಅಪ್ಪ. ಹಾಗಾದರೆ ವಾಚರಣ್ಣ ಮುಟ್ಟಿ ಹೇಳಿದಮೇಲೆ ಹೀಗಾಯಿತೇನೋ ಅಂದುಕೊಂಡೆ.

ಎರಡು ದಿನ ಬಿಟ್ಟು ಪೆಟ್ಟಿಗೆ ಬಿಚ್ಚಿ ತಂದೆ. ಪ್ರತಿ ಪೆಟ್ಟಿಗೆಯೂ ತಾನು ಕೇಳಿದ್ದು, ಹೇಳಿದ್ದು, ಮಾಡಿದ್ದನ್ನೆಲ್ಲ ಹೊತ್ತಿನ ಸಮೇತ ಬರೆದಿಟ್ಟುಕೊಳ್ಳುತ್ತದೆ. ಆ ಶುಕ್ರವಾರದ್ದನ್ನು ಎರಡು ಸಲ ಓದಿದೆ. ವಾಚರಣ್ಣನ ಮೊದಲ ಒತ್ತಿಗೇ ಪೆಟ್ಟಿಗೆಗೆ ಸುದ್ದಿ ಮುಟ್ಟಿತ್ತು. ಆ ಕ್ಷಣವೇ ಬೋರ್ಡು ಕೆಂಪಾಗಿತ್ತು. ಎರಡನೆಯದೂ ಮುಟ್ಟಿತ್ತು, ಮೂರನೆಯದೂ ಮುಟ್ಟಿತ್ತು. ಪ್ರತಿ ಸಲವೂ ಪೆಟ್ಟಿಗೆ ಉತ್ತರ ಕಳಿಸಲು ನೋಡಿದೆ, ಆಗಿಲ್ಲ. ಆಮೇಲೂ ಬಿಡದೆ ಕಳಿಸಲು ನೋಡಿದೆ, ಬಹಳ ಹೊತ್ತು… ಕೇಳಿಸಿಕೊಳ್ಳುವುದಕ್ಕೆ, ಒಂದು ಚಿಕ್ಕ ದೀಪ ಉರಿಸುವುದಕ್ಕೆ ಸೊರಗಿದ ಬ್ಯಾಟರಿ ಸಾಕು. ದೂರಕ್ಕೆ ಕೂಗುವುದಕ್ಕೆ ಒಮ್ಮೆಗೇ ಜಾಸ್ತಿ ಶಕ್ತಿ ಬೇಕು. ಪೆಟ್ಟಿಗೆಗೆ ಕಿವಿ ಇತ್ತು, ಬಾಯಿ ಇರಲಿಲ್ಲ. ಪೆಟ್ಟಿಗೆ ಸಾಯಬಹುದು ಅಂತ ನಾನು ಯೋಚಿಸಿದ್ದೆ, ಹೀಗೆ ಅರ್ಧ ಬದುಕಬಹುದು ಅಂತ ಯೋಚಿಸಿರಲಿಲ್ಲ.

ಹೆಂಗಸರು ಬುತ್ತಿ ಕಟ್ಟಿಕೊಂಡು ಹೊರಗೆ ಬಂದು, ಕೆಂಪು ನೋಡಿ, ಒಳಗೆ ಹೋಗಿ ಕೂತು ಇನ್ನೊಂದು ಸಲ ಕಾಫಿ ಕಾಯಿಸಿ ಕುಡಿದಿದ್ದರು. ಅವರು ಕಾಫಿ ಕುಡಿಯುತ್ತಾ ಇರುವಾಗ ವಾಚರಣ್ಣ ಅವರನ್ನು ಉಳಿಸಲಿಕ್ಕೆ ಮಂಜಿನಲ್ಲಿ ಓಡಿ ಬರುತ್ತಿದ್ದರು. ಅವರಿಗೆ ಗೊತ್ತಾಗಿದೆ ಅನ್ನುವುದು ಇವರಿಗೆ ಗೊತ್ತಿರಲಿಲ್ಲ. ಇವರು ಬರುತ್ತಿದ್ದಾರೆ ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ಇಷ್ಟೇ ನಡೆದದ್ದು. ಸೋಲಾರಿನ ಮೇಲಿನ ಎಲೆ ಒರೆಸಲು ನನಗೆ ಎರಡು ನಿಮಿಷ ಸಾಕಿತ್ತು.

ಹನ್ನೊಂದರ ದಿನ ಅವರ ಮನೆಗೆ ಹೋದೆ. ಮನೆ ಮೇಲಿನ ದಿಣ್ಣೆಯ ಆಚೆ, ಕೆಳಗಿನ ಲೈನಿಗೆ ದೂರ. ಅಂಗಳದಲ್ಲಿ ಆ ಹದಿನಾಲ್ಕು ಹೆಂಗಸರೂ ಬಂದು ಪಾತ್ರೆ ತೊಳೆಯುತ್ತಾ, ಎಲೆ ಎತ್ತುತ್ತಾ ಇದ್ದರು. ಅವರಲ್ಲಿ ಹಿರಿಯಾಕೆ ನನ್ನನ್ನು ಕೊಟ್ಟಿಗೆಯ ಹತ್ತಿರ ಕರೆದುಕೊಂಡು ಹೋಗಿ ಕೈ ಹಿಡಿದುಕೊಂಡರು.

"ಬೋರ್ಡು ಕೆಂಪಾಗಿದ್ದು ವಾಚರಣ್ಣನ ಹೆಂಡ್ತಿಗೆ ಹೇಳಬೇಡಿ ಅಮ್ಮ. ನಾವ್ಯಾರೂ ಹೇಳಿಲ್ಲ. ಅವರು ಬಂದು ಕೂಗಿದ್ರು, ಅದಕ್ಕೆ ನಾವು ನಿಂತ್ವಿ ಅಂತಲೇ ಹೇಳಿದೀವಿ."

ನಾನು ಹೂಂ ಅಂದೆ. ಒಳಗೆ ಹೋದಾಗ ವಾಚರಣ್ಣನ ಹೆಂಡತಿ ಗೋಡೆಗೆ ಒರಗಿ ಕೂತಿದ್ದರು. ಹತ್ತಿರ ಕರೆದು ಕೂರಿಸಿಕೊಂಡು ಕೇಳಿದರು.

"ಅವರು ಹೋಗಿದ್ದಕ್ಕೇ ಅಲ್ವ ಅವರೆಲ್ಲ ಉಳಿದದ್ದು?"

"ಹೌದಕ್ಕ," ಅಂದೆ. "ಅವರು ಹೋಗದೆ ಇದ್ದಿದ್ದರೆ ಹದಿನಾಲ್ಕೂ ಜನ ಹೋಗುತ್ತಿದ್ದರು." ಅಷ್ಟು ಉದ್ದ ಸುಳ್ಳು ಹೇಳುವ ಅಗತ್ಯ ಇರಲಿಲ್ಲ. ಬಾಯಿಗೆ ಬಂದುಬಿಟ್ಟಿತು.

ಆಮೇಲೆ ಪ್ರತಿ ಲೈನಿಗೂ ಎರಡೆರಡು ಪೆಟ್ಟಿಗೆ ಬಂದವು, ದೊಡ್ಡ ಬ್ಯಾಟರಿ ಬಂದವು. ಪೆಟ್ಟಿಗೆ ಎರಡಾದರೂ ಎಲ್ಲೋ ಒಂದು ಉತ್ತರ ದಾರಿಯಲ್ಲಿ ಬಿದ್ದುಹೋಗುವುದು ನಿಲ್ಲುವುದಿಲ್ಲ, ಅಪರೂಪ ಆಗಬಹುದು ಅಷ್ಟೇ. ಈಗ ಕಾಯುವವರು ಬೇರೆ. ಅವರಿಗೆ ಬೇರೆ ಚೀಟಿ, ಅದನ್ನೂ ನಾನೇ ಟೈಪ್ ಮಾಡಿದೆ. ಮೂರು ಸಲ ಒತ್ತಿ, ಉತ್ತರ ಬಾರದಿದ್ದರೆ ಇದ್ದಲ್ಲೇ ಇರಿ, ಅಂತ. ಆ ಕಡೆ ನಿಜವಾಗಿಯೂ ಸುದ್ದಿ ಮುಟ್ಟದೆ ಹೆಂಗಸರು ಹೊರಟಿದ್ದರೆ ಏನು ಮಾಡುವುದು ಅಂತ ಗುಂಪಿನ ಅಧ್ಯಕ್ಷರನ್ನು ಕೇಳಿದೆ. ಅವರು "ನೀವು ಓದಿದವರು, ನೀವೇ ಹೇಳಿ" ಅಂದರು. ಚೀಟಿ ಹಾಗೇ ಅಚ್ಚಾಯಿತು.

ವಾಚರಣ್ಣನ ಹೆಂಡತಿ ಮರುವರ್ಷದಿಂದ ಕೆಳಗಿನ ಲೈನಿನ ಹೆಂಗಸರ ಜೊತೆಗೇ ಹಣ್ಣು ಕುಯ್ಯಲು ಹೋಗುತ್ತಿದ್ದಾರೆ. ನಾಲ್ಕು ವರ್ಷ ಆಯಿತು. ಅದೇ ಹದಿನಾಲ್ಕು ಜನರ ಜೊತೆ ಒಂದೇ ಸಾಲಿನಲ್ಲಿ ನಿಂತು ಕುಯ್ಯುತ್ತಾರೆ, ಒಟ್ಟಿಗೆ ಬುತ್ತಿ ಬಿಚ್ಚುತ್ತಾರೆ, ಜಗಳ ಆಡುತ್ತಾರೆ. ಹದಿನಾಲ್ಕು ಬಾಯಿ ನಾಲ್ಕು ವರ್ಷ ಒಂದೇ ಮಾತನ್ನು ಒಂದೇ ಥರ ಹೇಳಿಕೊಂಡು ಬರುತ್ತವೆಯೇ? ಐದು ಪೆಟ್ಟಿಗೆಯನ್ನು ಒಂದೇ ಮಾತಿಗೆ ನಿಲ್ಲಿಸಲು ಪಾಡುಪಟ್ಟವಳು ನಾನು, ನನಗೆ ನಂಬಿಕೆ ಇಲ್ಲ. ಯಾವುದೋ ಒಂದು ಕೋಪದಲ್ಲೋ, ಅಳುವಿನಲ್ಲೋ, ಯಾರೋ ಒಬ್ಬರು ಅಂದಿರುತ್ತಾರೆ. ಅಥವಾ ಅಂದಿಲ್ಲವೋ ಏನೋ…

ಸಂತೆಯ ದಿನ ಅವರು ತಪ್ಪದೆ ನನ್ನ ಅಂಗಡಿಗೆ ಬರುತ್ತಾರೆ. ಫೋನಿಗೆ ಏನೂ ಆಗಿರುವುದಿಲ್ಲ, ಸುಮ್ಮನೆ ನೋಡಿ ಅಂತ ಕೊಡುತ್ತಾರೆ. ನಾನೂ ಒರೆಸಿ, ಆನ್ ಮಾಡಿ ವಾಪಸು ಕೊಡುತ್ತೇನೆ. ಮೊನ್ನೆ ಬಂದಾಗ ಚೀಲದಿಂದ ಎರಡು ಹೇರಳೆಕಾಯಿ ತೆಗೆದು ಮೇಜಿನ ಮೇಲಿಟ್ಟರು. ಉಪ್ಪಿನಕಾಯಿ ಹಾಕೋದು ಹೆಂಗೆ ಅಂತ ಮಗಳಿಗೆ ಹೇಳುವ ಹಾಗೆ ನನಗೆ ಹೇಳಿದರು. ಏಳುವಾಗ, ಚೀಲ ಹೆಗಲಿಗೆ ಹಾಕಿಕೊಳ್ಳುತ್ತಾ, ಪ್ರತಿ ಸಲದ ಹಾಗೆಯೇ ಕೇಳಿದರು.

"ಅವರು ಹೋಗಿದ್ದಕ್ಕೇ ಅಲ್ವ?"

ನಾನು ಅವರ ಮುಖ ನೋಡಿದೆ. ಗೊತ್ತಿಲ್ಲದೆ ಕೇಳುತ್ತಿದ್ದಾರೋ, ಗೊತ್ತಿದ್ದೂ ನನ್ನನ್ನು ಸಮಾಧಾನ ಮಾಡಲಿಕ್ಕೆ ಕೇಳುತ್ತಿದ್ದಾರೋ, ಆ ಮುಖದಲ್ಲಿ ನನಗೆ ಏನೂ ಸಿಗಲಿಲ್ಲ. ನಿಮಗೆ ಗೊತ್ತಾ ಅಂತ ಕೇಳುವ ಹಾಗಿಲ್ಲ. ಗೊತ್ತಿಲ್ಲದೆ ಇದ್ದರೆ, ಆ ಪ್ರಶ್ನೆಯಿಂದಲೇ ಗೊತ್ತಾಗಿಬಿಡುತ್ತದೆ.

"ಹೌದಕ್ಕ," ಅಂದೆ.

"ಹೂಂ," ಅಂದರು ಅವರು, ನನ್ನ ಕೆನ್ನೆಯನ್ನು ಒಮ್ಮೆ ಸವರಿ ಬಸ್ಸಿಗೆ ಹೋದರು.